ಹೆಸರಿರುವ ಊರು

ಜೂನ್ 9, ಸೋಮವಾರ

ಸಹಾಯಕಿ ರಜೆ. ಬೇಳೆ ಬೇಯಲಿಲ್ಲ, ಮಕ್ಕಳು ಹಸಿದು ಅತ್ತವು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನ್. ಅಂಗನವಾಡಿಯಲ್ಲಿ ಈಗ ಬಾಣಂತಿಗೆ ಬಡಿಸುವ ಮೊದಲು ಅವಳ ಮುಖವನ್ನು ಫೋನಿಗೆ ತೋರಿಸಬೇಕು. ಅದು ಒಪ್ಪಿದರೆ ಊಟ, ಮೊಟ್ಟೆ. ಇಲ್ಲದಿದ್ದರೆ ಇಲ್ಲ.

ತಿಪ್ಪಮ್ಮನ ಮಗಳು ಧನುಶ್ರೀ ಹೆರಿಗೆಗೆಂದು ತವರಿಗೆ ಬಂದವಳು. ಹೆತ್ತು ತಿಂಗಳಾಯಿತು. ಹೆಸರು ಮಾತ್ರ ಗಂಡನ ಊರಲ್ಲೇ ದಾಖಲಾಗಿದೆ, ದೇವನೂರಿನ ಹತ್ತಿರ. ಇಲ್ಲಿ ಫೋನ್ ಒಪ್ಪುವುದಿಲ್ಲ. ಹೆಣ್ಣುಮಕ್ಕಳು ಹೆರಲು ತವರಿಗೆ ಹೋಗುತ್ತಾರೆಂದು ಈ ಆ್ಯಪ್ ಮಾಡಿದವರಿಗೆ ಅವರ ಮನೆಯಲ್ಲಿ ಯಾರೂ ಹೇಳಲಿಲ್ಲವೇ?

ರಕ್ತ ಕಡಿಮೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಹಾಲು ಸಾಲದೆ ಮಗು ರಚ್ಚೆ ಹಿಡಿಯುತ್ತದೆ. ಹೇಗೆ ಬರಿಗೈಯಲ್ಲಿ ಕಳಿಸಲಿ? ಬಡಿಸಿದೆ, ಮೊಟ್ಟೆ ಸಮೇತ.

ಜೂನ್ 12

ಶರ್ಮಿಳಾಗೆ ಫೋನ್. ಧನುಶ್ರೀ ಗಂಡನ ಊರಿನ ಅಂಗನವಾಡಿ ಟೀಚರ್. ಅವಳು ಬಿಟ್ಟುಕೊಟ್ಟರೆ ಹೆಸರು ಇಲ್ಲಿಗೆ ಬರುತ್ತದೆ. ಅವಳ ಹತ್ತಿರ ಇರುವ ಹೆಸರುಗಳೇ ಕಡಿಮೆ, ಇನ್ನೂ ಇಳಿದರೆ ಕೇಂದ್ರ ಮುಚ್ಚುತ್ತಾರೆಂಬ ಭಯ. ನೋಡೋಣ ಅಕ್ಕ ಎಂದಳು. ಬೈಯಬೇಕೆಂದಿದ್ದೆ, ಆಗಲಿಲ್ಲ. ಅವಳದೂ ಹೊಟ್ಟೆಪಾಡು.

ಜೂನ್ 20

ತೆಂಗಿನ ತೋಟದ ಶಿವಮೂರ್ತಪ್ಪ ಜಗಲಿ ಮೇಲಿಂದ ಕೂಗಿ ಕೇಳಿದ — ಪುಕ್ಕಟೆ ಮೊಟ್ಟೆಗೆ ಅಂತ ತವರಿಗೆ ಬಂದು ಕೂತವಳಾ ಅವಳು, ಎಂದು. ಅವನ ಸೊಸೆ ಐದು ತಿಂಗಳು ತವರಲ್ಲಿದ್ದಳು. ಅದು ಬಾಣಂತನ. ತಿಪ್ಪಮ್ಮನ ಮಗಳದ್ದು ಮಾತ್ರ ಬಿಟ್ಟಿ ಕೂಳು. ಹಾಗೆಂದು ಮುಖಕ್ಕೇ ಹೇಳಿದೆ. ಟೀಚರಿಗೆ ಬಾಯಿ ಜೋರು ಎಂದು ಊರು ಆಡಿಕೊಳ್ಳುತ್ತದೆ... ಆಡಿಕೊಳ್ಳಲಿ.

ಜುಲೈ 1

ಸೂಪರ್‌ವೈಸರ್ ಮೇಡಂ ಹೇಳದೆ ಕೇಳದೆ ಬಂದರು. ಧನುಶ್ರೀ ತಟ್ಟೆ ಮುಂದೆ ಕೂತಿದ್ದಳು. ಹೆಸರಿಲ್ಲದವರಿಗೆ ಯಾಕೆ ಬಡಿಸಿದಿರಿ, ಇನ್ನೊಮ್ಮೆ ಹೀಗಾದರೆ ನೋಟಿಸ್ ಎಂದರು. ಅವಳ ಎದುರಿಗೇ. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಳು. ನನಗೆ ನಾಚಿಕೆಯಾಯಿತು, ಯಾರ ಪರವಾಗಿ ಎಂದು ಗೊತ್ತಿಲ್ಲ.

ಹೆಸರು ವರ್ಗ ಮಾಡಿಸಿಕೊಡಿ ಎಂದು ಮೇಡಂಗೆ ಅಂಗಲಾಚಿದೆ. ಮೇಲಕ್ಕೆ ಬರೆಯುತ್ತಾರಂತೆ.

ಜುಲೈ 3

ಧನುಶ್ರೀ ಇಲ್ಲ. ನಿನ್ನೆಯೂ ಬರಲಿಲ್ಲ. ನಮ್ಮ ಮನೆಯದೇ ಎರಡು ಮೊಟ್ಟೆ ಬೇಯಿಸಿಕೊಂಡು ಹೋದೆ. ತಿಪ್ಪಮ್ಮ ಬಾಗಿಲಲ್ಲೇ ತಡೆದಳು.

"ಬ್ಯಾಡ ಟೀಚರಮ್ಮ. ನಿಮ್ಮನ್ನಕ್ಕೆ ಕಲ್ಲು ಹಾಕಿ ನಾವುಣ್ಣಾದಾ?"

ಇದು ನನ್ನ ಮನೆಯದು ಎಂದೆ. ನಂಬಲಿಲ್ಲ. ವಾಪಸ್ ತಂದೆ. ಯಜಮಾನರು ತಿಂದರು.

ಜುಲೈ 16, ರಾತ್ರಿ ಎಂಟು

ಇಡೀ ದಿನ ತರೀಕೆರೆಯಲ್ಲಿ ಟ್ರೈನಿಂಗ್. ಬಸ್ಸಿಳಿಯುವಾಗ ಮೇಡಂ ಮೆಸೇಜ್ — ಧನುಶ್ರೀ ಹೆಸರು ನಿಮ್ಮ ಕೇಂದ್ರಕ್ಕೆ ಬಂದಿದೆ. ಮನೆಗೂ ಹೋಗದೆ ತಿಪ್ಪಮ್ಮನಲ್ಲಿಗೆ ಓಡಿದೆ.

ತಿಪ್ಪಮ್ಮ ಒಬ್ಬಳೇ ಇದ್ದಳು. ಗಂಡನ ಊರಿಗೆಂದು ಬೆಳಿಗ್ಗೆಯೇ ಮಗಳನ್ನು ಕಡೂರು ಬಸ್ಸು ಹತ್ತಿಸಿದ್ದಾಳೆ. ಅತ್ತೆ ಇಲ್ಲದ ಮನೆ ಅದು. ಹಸಿ ಮೈಯಲ್ಲಿ ನೀರು ಹೊರಬೇಕು, ಒಲೆ ಮುಂದೆ ಕೂರಬೇಕು. ಎಂಥ ಅವಸರವಿತ್ತು ಎಂದು ರೇಗಿದೆ.

"ಅಲ್ಲಾದ್ರೆ ಹೆಸ್ರೈತೆ ಕಣಮ್ಮ. ದಿನಕ್ಕೊಂದು ಮೊಟ್ಟೆನಾದ್ರೂ ಹೊಟ್ಟೆಗೆ ಬೀಳ್ಲಿ ಅಂತ ಕಳಿಸ್ದೆ."

ಒಳ್ಳೆಯದಾಯಿತು ಬಿಡು ಎಂದೆ. ಮೆಸೇಜ್ ವಿಷಯ ಎತ್ತದೆ ಮನೆಗೆ ಬಂದೆ.

ಜುಲೈ 17, ಮಧ್ಯಾಹ್ನ

ಶರ್ಮಿಳಾ ಫೋನ್. ಧನುಶ್ರೀ ಮಗು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಮುಖ ಒಪ್ಪುತ್ತಿಲ್ಲ, ಹೆಸರು ನಿಮ್ಮ ಕಡೆ ತೋರಿಸುತ್ತಿದೆ ಎಂದಳು. ವಾಪಸ್ ಕಳಿಸಲು ಮತ್ತೆ ಮೇಲಕ್ಕೆ ಬರೆಯಬೇಕು. ಮತ್ತೆ ಎಷ್ಟು ದಿನವೋ.

"ಏನ್ ಮಾಡ್ಲಿ ಅಕ್ಕ, ನೀವೇ ಹೇಳಿ."

ಬಡಿಸೇ, ಏನಾದರಾಗಲಿ ಎನ್ನಬೇಕಿತ್ತು. ಆದರೆ ನೋಟಿಸ್ ಬಂದರೆ ಅದು ಶರ್ಮಿಳಾಗೆ, ನನಗಲ್ಲ. ಆ ಕಡೆ ಮಗು ಅಳುವುದು ಕೇಳುತ್ತಿತ್ತು. ಆಮೇಲೆ ಧನುಶ್ರೀ ದನಿ, ಮೆತ್ತಗೆ — ಇರ್ಲಿ ಬಿಡಿ ಟೀಚರ್, ನಂಗಿದು ರೂಢಿ.

ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಒಂದೇ ಒಂದು ಮಾತು, ನಾನು ಆಡಬಹುದಿತ್ತು.