ಡಿಫ್ಯೂಸರ್ ಕೂರಿಸಿದ ದಿನ

ಉತ್ತಮ್,

ನೀನು ಬ್ರಿಸ್ಬೇನಿಗೆ ಹೋದ ಮೇಲೆ ನನ್ನ ಯಾವ ಮೆಸೇಜಿಗೂ ಉತ್ತರ ಬರಲಿಲ್ಲ. ಇದನ್ನಂತೂ ಕಳಿಸುವುದೂ ಇಲ್ಲ. ಆದರೂ ಹೇಳಬೇಕು ಅನ್ನಿಸಿತು. ಕ್ಯಾನಿಂಗ್ ವೇಲ್‌ನ ಈ ಗರಾಜಿನಲ್ಲಿ ನಾವಿಬ್ಬರೂ ಕಟ್ಟಲು ಶುರುಮಾಡಿದ ಕಾರಿಗೆ ಇವತ್ತು ಹಿಂಬದಿಯ ಬಂಪರಿನಡಿ ಗಾಳಿ ಹಾಯಿಸುವ ಡಿಫ್ಯೂಸರ್ ಕೂರಿಸಿದೆ. ಬಾಕಿ ಇದ್ದದ್ದು ಅದೊಂದೇ.

ಕಾರಿನ ಕೆಳಗೆ ಮಲಗಿ, ಆ ಅಗಲವಾದ ಹಲಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದರಲ್ಲಿ ಬೋಲ್ಟ್ ತಿರುಗಿಸಲು ನೋಡಿದೆ. ಮತ್ತೆ ಮತ್ತೆ ಜಾರಿತು. ಅಭ್ಯಾಸಬಲದಿಂದ "ಉತ್ತಮ್, ಸ್ವಲ್ಪ ಎತ್ತೋ" ಎಂದು ಕೂಗಿಬಿಟ್ಟೆ.

ಪಕ್ಕದ ಮನೆಯಲ್ಲಿರುವ ಮಗಳನ್ನು ನೋಡಲು ದಾವಣಗೆರೆಯಿಂದ ಬಂದಿರುವ ಶಂಕರಪ್ಪ ಅಂಕಲ್ ಅದನ್ನು ಕೇಳಿಸಿಕೊಂಡು ಒಳಗೆ ಬಂದರು. "ನಾನು ಹಿಡ್ಕೊಂಡಿರ್ತೀನಿ, ನೀವು ಬೋಲ್ಟ್ ಹಾಕಿ" ಎಂದು ನೆಲದ ಮೇಲೆ ಕೂತೇಬಿಟ್ಟರು. ಕೆಲಸ ಮುಗಿದ ಮೇಲೆ, "ಉತ್ತಮ್ ಎಲ್ಲಿ, ಕಾಣಲಿಲ್ಲ" ಎಂದು ಕೇಳಿದರು.

"ಸರ್ವೋಗೆ ಹೋಗಿದಾನೆ ಅಂಕಲ್, ಪೆಟ್ರೋಲ್ ತರೋಕೆ. ಬರ್ತಾನೆ."

ಅವರಿಗೆ ಕಾರಿನಲ್ಲಿ ಕೂತು ನೋಡುವ ಆಸೆ. ನಿನ್ನ ಸೀಟಿನಲ್ಲಿ ಕೂರಿಸಿದೆ. ಬೆಲ್ಟು ಇನ್ನೂ ನಿನ್ನ ಅಳತೆಗೇ ಇತ್ತು. ಅವರ ಸಣಕಲು ಮೈಗೆ ಸಡಿಲವಾಯಿತು.

"ಸ್ವಲ್ಪ ಟೈಟ್ ಮಾಡಿಕೊಡಿ" ಎಂದರು.

"ನಾವೇನು ಹೊರಗೆ ಹೋಗ್ತಿಲ್ವಲ್ಲ ಅಂಕಲ್, ಹಾಗೇ ಇರ್ಲಿ" ಎಂದೆ.

ಪ್ರಥಮ್