ಒಳಗಡೆಯ ತಗಡು

ಜನವರಿ 3

ಇನ್ನೂರು ಬೀಗ ಪ್ಯಾಕ್ ಆಯಿತು. ಎರಡರಲ್ಲಿ ಕೀಲಿ ಸರಾಗವಾಗಿ ತಿರುಗಲಿಲ್ಲ, ಮೇಸ್ತ್ರಿಗೆ ವಾಪಸ್ ಕೊಟ್ಟೆ. ಗೊಣಗಿದರು — "ಮೂವತ್ತು ವರ್ಷದಿಂದ ಬೀಗ ಮಾಡ್ತಿದ್ದೀನಿ. ನಿಮ್ಮ ಕಣ್ಣಿಗೆ ಮಾತ್ರ ಒಂದೂ ಹಿಡಿಸಲ್ಲ."

ಮಧ್ಯಾಹ್ನ ಏಜೆಂಟರ ಫೋನ್. ನಮ್ಮ ಮಾಲು ಕಡಲಾಚೆ ಹೋಗುವುದು ಇವರ ಕೈಯಿಂದಲೇ. ಅಲ್ಲಿ ಕೊಳ್ಳುವವರು ಯಾರೋ, ನಮಗೆ ಗೊತ್ತಿಲ್ಲ. ಕಾರ್ಖಾನೆ ಅಣ್ಣನದು, ಅವನಿಗೆ ಗೊತ್ತಾಗುವುದು ಬೇಕಾಗಿಯೂ ಇಲ್ಲ.

ಹೊಸ ನಮೂನೆ ಕೇಳಿದ್ದಾರೆ, ನಾನೂರು. ಕೀಲಿ ಹಾಕುವ ತೂತು ಹೊರಗಡೆ ಮಾತ್ರ. ಒಳಗಡೆ ಬರೀ ತಗಡು, ನಾಲ್ಕು ಸ್ಕ್ರೂ.

"ಗೋದಾಮಿಗಿರ್ಬೇಕು," ಅಂದ ಅಣ್ಣ.

ಏಪ್ರಿಲ್ 19

ಹೊಸ ನಮೂನೆಯ ಬೀಗದ ಮೇಲೆ ದೂರು ಬಂದಿದೆ. ಎಂಟು ವರ್ಷದಲ್ಲಿ ಮೊದಲನೆಯದು. ಎರಡೇ ಸಾಲು — ಒಳಗಡೆಯ ತಗಡು ಮೆದು, ತಿಂಗಳೊಳಗೆ ಗೀರು ಬೀಳುತ್ತಿದೆ. ಮುಂದಿನ ನಾನೂರಕ್ಕೆ ಗಟ್ಟಿ ತಗಡು ಹಾಕಿ.

ನೋಡಲೆಂದು ಒಂದು ಬೀಗ ಕಳಿಸಿದ್ದಾರೆ. ನಮ್ಮದೇ. ಒಳಗಡೆ ಬಣ್ಣ ಕಿತ್ತುಹೋಗಿದೆ. ಗೀರುಗಳು ನಾಲ್ಕು ನಾಲ್ಕಾಗಿ, ಮೇಲಿನಿಂದ ಕೆಳಕ್ಕೆ. ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತವು.

ಕೈ ತೊಳೆದೆ. ಮತ್ತೆ ತೊಳೆದೆ.

ಏಪ್ರಿಲ್ 20

ಅಣ್ಣನಿಗೆ ತೋರಿಸಿದೆ. "ಇಲಿ ಇರ್ಬೇಕು ಕಣೇ."

"ಇಲಿಗೆ ಬಾಗಿಲ ಬೀಗ ಎಟುಕತ್ತಾ?"

ಬೀಗ ಮಗುಚಿಟ್ಟ. ಆಮೇಲೆ ಮೆಲ್ಲಗೆ — "ಹದಿನೆಂಟು ಮನೇಲಿ ಒಲೆ ಉರೀತಿರೋದು ಈ ಆರ್ಡರ್‌ನಿಂದ. ತಲೆ ಕೆಡಿಸ್ಕೋಬೇಡ."

ಕೆಟ್ಟಾಗಿದೆ.

ಏಪ್ರಿಲ್ 23

ಏಜೆಂಟರ ಆಫೀಸಿಗೇ ಹೋದೆ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿ. ಒಂದು ಮೇಜು, ಎರಡು ಫೋನು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ತೆರೆದೇ ಇಟ್ಟಿದ್ದರು.

"ಕೊಳ್ಳೋರು ಯಾರು ಸಾರ್?"

"ನನಗೂ ಗೊತ್ತಿಲ್ಲಮ್ಮ. ನನ್ನ ಮೇಲೆ ಒಬ್ರಿದ್ದಾರೆ, ಅವ್ರ ಮೇಲೆ ಇನ್ನೊಬ್ರು. ನಾನು ಕಾಗದ ಆ ಕಡೆಯಿಂದ ಈ ಕಡೆಗೆ ದಾಟಿಸೋನು, ಅಷ್ಟೇ."

"ಒಂದ್ಸಲಾನೂ ಕೇಳಿಲ್ವಾ?"

"ಕೇಳಿದ್ದೆ." ಎದ್ದು ಹೋಗಿ ಬಾಗಿಲ ಕುರ್ಚಿ ಅಲುಗಾಡಿಸಿ ನೋಡಿದರು.

ಹೊರಡುವಾಗ ಕುರ್ಚಿ ಸರಿಸಿ ಬಾಗಿಲು ಎಳೆದುಕೊಂಡೆ, ಅಭ್ಯಾಸ. ಏಜೆಂಟರು ಚೀರಿದರು — "ಮುಚ್ಬೇಡಿ!"

ಪೊಲೀಸರಿಗೆ ಏನಂತ ಹೇಳುವುದು? ಊರಿಲ್ಲ, ಹೆಸರಿಲ್ಲ. ಗೀರು ಬಿದ್ದ ತಗಡು ಒಂದಿದೆ.

ಮೇ 2

ಮೇಸ್ತ್ರಿಗೆ ಹೇಳಿಬಿಟ್ಟೆ. ವಾಪಸ್ ಬಂದ ಬೀಗ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಊಟಕ್ಕೆ ಏಳಲಿಲ್ಲ.

ಸಂಜೆ ಕರೆದು ಹೊಸ ಬೀಗವೊಂದನ್ನು ಕೈಗಿಟ್ಟರು. "ಎರಡನೇ ಸ್ಕ್ರೂ ಒತ್ತಿ." ಒತ್ತಿದೆ. ಬೀಗ ಬಿಚ್ಚಿಕೊಂಡಿತು. ಕೀಲಿ ಇಲ್ಲದೆ, ಒಳಗಡೆಯಿಂದ.

"ಒಳಗಿರೋರಿಗೆ ಹೇಗೆ ಗೊತ್ತಾಗತ್ತೆ?"

"ಕೂದಲೆಳೆಯಷ್ಟು ಎತ್ತರಿಸಿದ್ದೀನಮ್ಮ. ಕಣ್ಣಿಗೆ ಕಾಣಲ್ಲ. ಕತ್ತಲಲ್ಲಿ ತಡವೋ ಬೆರಳಿಗೆ ಗೊತ್ತಾಗತ್ತೆ."

ಅಣ್ಣನಿಗೆ ಹೇಳಿಲ್ಲ.

ಮೇ 27

ನಾನೂರೂ ಹೋದವು. ಗಟ್ಟಿ ತಗಡು. ಎಲ್ಲದರಲ್ಲೂ ಎರಡನೇ ಸ್ಕ್ರೂ. ಲಾರಿ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದೆ.

ಆಗಸ್ಟ್ 8

ಮತ್ತೆ ನಾನೂರಕ್ಕೆ ಆರ್ಡರ್. ಗೀರಿನ ದೂರಿಲ್ಲ. ತಗಡು ಗಟ್ಟಿಯಾಗಿದ್ದಕ್ಕೋ, ಒಳಗೆ ಯಾರೂ ಉಳಿಯದ್ದಕ್ಕೋ… ಅಣ್ಣ ಖುಷಿಯಾಗಿದ್ದಾನೆ.

ಆಗಸ್ಟ್ 30

ಏಜೆಂಟರ ಎರಡೂ ಫೋನು ರಿಂಗಾಗುತ್ತವೆ, ಎತ್ತುವವರಿಲ್ಲ. ಟಪಾಲಿನಲ್ಲಿ ಕಾಗದ — ಇನ್ನು ಮಧ್ಯೆ ಯಾರೂ ಇರುವುದಿಲ್ಲ. ಕೊಳ್ಳುವವರ ಕಡೆಯವರೇ ಬಂದು ಮಾಲು ನೋಡುತ್ತಾರಂತೆ. ಸಹಿ ಇಲ್ಲ.

ಸೆಪ್ಟೆಂಬರ್ 6, ಬೆಳಿಗ್ಗೆ 11.20

ವಾರದ ರಜೆ. ಅಣ್ಣ ತಗಡು ತರಲು ಹೋಗಿದ್ದಾನೆ, ಬರುವುದು ಸಂಜೆ. ನಾನು, ಮೇಸ್ತ್ರಿ ಇಬ್ಬರೇ; ಅವರು ಹಿಂದಿನ ಶೆಡ್ಡಿನಲ್ಲಿ.

ಮಾಲು ನೋಡಲು ಬಂದವನು ನಮ್ಮ ಭಾಷೆಯನ್ನೇ ಆಡುತ್ತಾನೆ, ನಮಗಿಂತ ಚೆನ್ನಾಗಿ. ಟೀ ಬೇಡ ಅಂದ. ಹೊಸ ಆರ್ಡರಿನ ರಾಶಿಯಿಂದ ಒಂದು ಬೀಗ ಎತ್ತಿಕೊಂಡ. ಅದನ್ನು ಸ್ಟೋರ್ ರೂಮಿನ ಬಾಗಿಲಿಗೆ ತಾನೇ ಕೂರಿಸಿದ. ಕೈ ಪಳಗಿದ್ದು.

"ಸ್ವಲ್ಪ ಒಳಗೆ ಹೋಗ್ತೀರಾ? ಬೆಳಕು ಎಲ್ಲಾದ್ರೂ ಕಾಣತ್ತಾ ನೋಡಿ ಹೇಳಿ."

ಹೋದೆ. ಯಾಕೆ ಹೋದೆನೋ. ಕೀಲಿ ತಿರುಗಿತು.

11.45

ಚೀಲ ಹೆಗಲಲ್ಲೇ ಇತ್ತು, ಈ ಪುಸ್ತಕ ಅದರಲ್ಲಿ. ಮೇಲಿನ ಗವಾಕ್ಷಿಯಿಂದ ಬರೆಯುವಷ್ಟು ಬೆಳಕು. ಅವನು ಹೋಗಿಲ್ಲ. ಬಾಗಿಲ ಆಚೆ ಕುರ್ಚಿ ಎಳೆದು ಕೂತ ಸದ್ದಾಯಿತು. ಕಾಯುತ್ತಿದ್ದಾನೆ.

ಕೂಗಿದೆ. "ಅವಸರವಿಲ್ಲ ತಾಯಿ," ಅಂದ, ಮೃದುವಾಗಿ. "ಬರೋ ದಾರಿ ಗೊತ್ತಿದ್ರೆ ಬನ್ನಿ."

ಅರ್ಥವಾಯಿತು. ಯಾರೋ ಹೊರಬಂದಿದ್ದಾರೆ. ಹೇಗೆಂದು ಇವರಿಗೆ ಇನ್ನೂ ಗೊತ್ತಿಲ್ಲ.

12.10

ಬಾಗಿಲ ಹತ್ತಿರ ಕತ್ತಲೆ, ಕೈ ತಾನಾಗಿ ಬೀಗದ ಕಡೆ ಹೋಗುತ್ತದೆ. ಎರಡನೇ ಸ್ಕ್ರೂ ಸಿಕ್ಕಿತು. ಮೇಸ್ತ್ರಿ ಹೇಳಿದ್ದು ನಿಜ, ಬೆರಳಿಗೆ ಗೊತ್ತಾಗುತ್ತದೆ. ಒತ್ತಿದರೆ ನಾನು ಹೊರಗೆ, ಗುಟ್ಟೂ ಹೊರಗೆ. ಕಡಲಾಚೆ ಹೋದ ಆ ನಾನೂರು ಬಾಗಿಲುಗಳು…

ಕೈ ತೆಗೆದೆ. ಸೀರೆ ಸೆರಗಿಗೆ ಎರಡೂ ಕೈ ಸುತ್ತಿಕೊಂಡು ಕೂತೆ. ಒತ್ತುವುದಿಲ್ಲ.

12.25

ಕುರ್ಚಿ ಸರಿದ ಸದ್ದು. ಅವನು ಮೇಸ್ತ್ರಿಯನ್ನು ಕರೆಯುತ್ತಿದ್ದಾನೆ. ಅದೇ ಮೃದು ದನಿ — "ನೀವೇ ಅಲ್ವಾ ಇದನ್ನ ಮಾಡಿದ್ದು? ಒಳಗೆ ಹೆಣ್ಣುಮಗಳು ಹೆದರಿದ್ದಾರೆ. ಪಾಪ. ಹೇಳ್ಬಿಡಿ."

ಬಾಗಿಲಿಗೆ ಬಾಯಿಟ್ಟು ಕೂಗಿದೆ — ನಾನು ಚೆನ್ನಾಗಿದ್ದೀನಿ ಮೇಸ್ತ್ರಿ, ಏನೂ ಹೇಳಬೇಡಿ, ನಾನು ಚೆನ್ನಾಗಿ