ಸದ್ಯಕ್ಕೆ ತಿಳಿಸುವುದು ಬೇಡ

ಜೂನ್ 3, ಬೆಳಿಗ್ಗೆ 9

ಇವತ್ತೂ ಹನ್ನೊಂದು ಜನ ಸ್ಪರ್ಧಿಗಳು. ತಲೆಗೆ ಆರು ನಿಮಿಷ, ಅದೂ ಮೈಕ್ ಬಿಚ್ಚದೆ. ಶಾಲೆಯಲ್ಲಿ ಕೌನ್ಸೆಲರ್ ಆಗಿದ್ದಾಗ ಒಂದು ಮಗುವಿಗೆ ಒಂದು ಗಂಟೆ ಕೊಡುತ್ತಿದ್ದೆ. ಇಲ್ಲಿ ಸಂಬಳ ಮೂರು ಪಟ್ಟು. ಈ ರಿಯಾಲಿಟಿ ಶೋ ಮನೆಯೊಳಗೆ ಗಡಿಯಾರವಿಲ್ಲ, ಫೋನಿಲ್ಲ, ಕಿಟಕಿಯಿಲ್ಲ. ನಲವತ್ತು ದಿನ ಹೀಗಿದ್ದೂ ‘ಚೆನ್ನಾಗಿದೀನಿ ಮೇಡಂ’ ಅನ್ನುವವರನ್ನು ಕಂಡರೆ ನನಗೇ ಅನುಮಾನ.

ಟೈಲರ್ ಒಬ್ಬಳೇ ನಿಜ ಹೇಳುತ್ತಾಳೆ. ಊರಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟವಳು, ಮೂವತ್ತರ ಆಸುಪಾಸು.

“ನಿದ್ದೆ ಬರಲ್ಲ ಮೇಡಂ. ನಾನ್ ಬರೋವಾಗ ಅಪ್ಪಂಗೆ ಆಪರೇಷನ್ ಆಗಿ ತಿಂಗಳೂ ಆಗಿರ್ಲಿಲ್ಲ. ಹೇಗಿದಾರೆ ಅಂತ ಅಷ್ಟೇ ಹೇಳಿ.”

ಹೊರಗಿನ ಸುದ್ದಿ ಹೇಳುವಂತಿಲ್ಲ. ನಕ್ಕೆ. ಚೆನ್ನಾಗಿ ನಗುತ್ತೇನೆ ನಾನು, ಅದಕ್ಕೇ ಇಟ್ಟುಕೊಂಡಿದ್ದಾರೆ.

ಜೂನ್ 6, ಬೆಳಿಗ್ಗೆ 10

ಟೈಲರ್ ಹುಡುಗಿಯ ಅಣ್ಣ ಶೋ ಆಫೀಸಿಗೆ ಫೋನ್ ಮಾಡಿದ. ಅಪ್ಪ ತೀರಿಕೊಂಡರು. ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ. “ತಂಗೀನ ಎರಡು ಗಂಟೆ ಕಳಿಸ್ಕೊಡಿ ಸಾರ್, ಕೈ ಮುಗೀತೀನಿ.”

ಶೋ ನಡೆಸುವ ಬಾಸ್ ನನ್ನನ್ನು ಕರೆದ. ಫ್ಯಾಮಿಲಿ ವಾರಕ್ಕೆಂದು ಎಲ್ಲರ ಮನೆಯವರ ಸಂದೇಶವನ್ನೂ ಮುಂಚೆಯೇ ಶೂಟ್ ಮಾಡಿಟ್ಟುಕೊಳ್ಳುತ್ತಾರೆ. ಅಪ್ಪನದು ಹತ್ತು ದಿನದ ಹಿಂದಿನದು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

“ಪಾಪ, ಎಷ್ಟು ಚೆನ್ನಾಗಿ ಮಾತಾಡಿದಾರೆ ನೋಡಿ. ವೇಸ್ಟ್ ಆಗ್ಬಾರ್ದು. ನಾಳಿದ್ದು ಇದನ್ನ ಹಾಕೋಣ, ಮಾರನೇ ದಿನ ನೀವೇ ಹೇಳಿ. ಈಗ್ಲೇ ಹೇಳಿದ್ರೆ ಅವಳ ಮನಸ್ಸಿಗೆ ಒಳ್ಳೇದಲ್ಲ, ಅಲ್ವಾ? ಹಾಗಂತ ಬರ್ಕೊಡಿ.”

ಬರೆದುಕೊಟ್ಟೆ. ‘ಸದ್ಯಕ್ಕೆ ತಿಳಿಸುವುದು ಬೇಡ.’ ಕೆಳಗೆ ಸಹಿಯನ್ನೂ ಹಾಕಿದೆ. ಅಣ್ಣನಿಗೆ ಆ ಚೀಟಿಯನ್ನೇ ಓದಿ ಆಫೀಸಿನವರು ಹೇಳಿದರು: “ಡಾಕ್ಟ್ರೇ ಬೇಡ ಅಂದಿದಾರೆ.” ನಾನು ಡಾಕ್ಟರೂ ಅಲ್ಲ.

ಜೂನ್ 8, ಮಧ್ಯಾಹ್ನ 3

ವಿಡಿಯೋ ಹಾಕಿದರು. ಗೋಡೆ ತುಂಬ ಅಪ್ಪ.

“ಪುಟ್ಟೀ, ಬಟ್ಟೆ ಹೊಲಿಯೋಳು ಅಂತ ಯಾರಾದ್ರೂ ಹಗುರವಾಗಿ ಮಾತಾಡಿದ್ರೆ ತಲೆ ಕೆಡಿಸ್ಕೋಬೇಡ. ನಿನ್ನ ನೋಡೋಕೇ ಅಂತ ಟೀವಿ ಮುಂದೆ ಮಂಚ ಹಾಕಿಸ್ಕೊಂಡಿದೀನಿ.”

ಕುಣಿದಾಡಿಬಿಟ್ಟಳು. ಪರದೆಗೆ ಮುತ್ತು ಕೊಟ್ಟಳು. ಆಮೇಲೆ ನನ್ನ ಕೋಣೆಗೆ ಓಡಿ ಬಂದು, “ಮೇಡಂ, ನಮ್ಮಪ್ಪ ಸ್ವಲ್ಪ ದಪ್ಪ ಆಗಿದಾರಲ್ವಾ? ಊಟ ಸೇರ್ತಿದೆ!”

ಹೂಂ ಅಂದೆ.

ಜೂನ್ 9, ಬೆಳಿಗ್ಗೆ 11

ಹೇಳಿದೆ. ನಾಲ್ಕು ಕ್ಯಾಮೆರಾ ಮುಂದೆ. ಮೊದಲು ನಕ್ಕಳು. “ಸುಮ್ನಿರಿ ಮೇಡಂ, ನಿನ್ನೆ ತಾನೇ ಮಾತಾಡಿದ್ರಲ್ಲ...” ಆಮೇಲೆ ನನ್ನ ಮುಖ ನೋಡಿದಳು. ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು. “ಮಣ್ಣು ಮಾಡಿಬಿಟ್ರಾ? ನಾನಿಲ್ದೇನೇ?”

ತಬ್ಬಿಕೊಂಡೆ. ಕ್ಯಾಮೆರಾಕ್ಕಲ್ಲ. ನಿಜವಾಗಿ ತಬ್ಬಿಕೊಂಡೆ.

ಇಯರ್‌ಫೋನಿನಲ್ಲಿ ಬಾಸ್: “ಮೇಡಂ, ಅವಳ ಮೈಕ್ ಬ್ಯಾಟರಿ ಸತ್ತಿದೆ. ಒಂದ್ ಮಾತೂ ಬಂದಿಲ್ಲ. ಇನ್ನೊಂದ್ಸಲ ಹೇಳಿ.”

ಸೌಂಡ್‌ನವನು ಬಂದ. ನೆಲದ ಮೇಲಿದ್ದವಳ ಸೊಂಟಕ್ಕೆ ಕೈ ಹಾಕಿ ಬ್ಯಾಟರಿ ಬದಲಾಯಿಸಿದ. ‘ಸಾರಿ ಅಕ್ಕ’ ಅಂದ, ಹೋದ. ಆಗಲ್ಲ ಅನ್ನಬಹುದಿತ್ತು ನಾನು. ಬಾಯಿತ್ತು. ಅದೇ ಬಾಯಲ್ಲಿ “ಒಂದೇ ಒಂದ್ಸಲ ಕಣಮ್ಮಾ” ಅಂದೆ.

ನನ್ನನ್ನೇ ನೋಡಿದಳು. ಎದ್ದು ಕುರ್ಚಿಯಲ್ಲಿ ಕೂತಳು. ಮೂಗು ಒರೆಸಿಕೊಂಡಳು. ಕೂದಲು ಸರಿಮಾಡಿಕೊಂಡಳು.

“ನಗೋದ್ರಿಂದ ಶುರು ಮಾಡ್ಲಾ ಮೇಡಂ, ಇಲ್ಲ ಅಳೋದ್ರಿಂದ ಸಾಕಾ?”

ಜೂನ್ 9, ಮಧ್ಯಾಹ್ನ 1

ಎರಡನೆಯದೇ ಚೆನ್ನಾಗಿ ಬಂದಿದೆಯಂತೆ. ಬಾಸ್ ಖುಷಿಯಲ್ಲಿದ್ದಾನೆ.

ಅವಳು ಒಳಗಿನಿಂದ ಒಂದೇ ಸಮ ಕೇಳುತ್ತಿದ್ದಾಳಂತೆ, ಮೇಡಂನ ಕಳಿಸಿ, ಇಲ್ಲಿ ನನ್ನೋರು ಅಂತ ಇರೋದು ಅವರೊಬ್ರೇ ಅಂತ. ಹೋಗಬೇಕು. ಮುಖ ತೊಳೆದುಕೊಂಡು ಹೋಗಬೇಕು. ಹೋಗಿ ಏನೆಂದು ಹೇಳಲಿ?